ಶ್ವಾಸಕೋಶದ ಶಸ್ತ್ರಚಿಕಿತ್ಸೆ ಮತ್ತು ರೋಗಿಯ ಪೌಷ್ಟಿಕ ಸ್ಥಿತಿ

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ ಗಡ್ಡೆ ಎಷ್ಟು ದೊಡ್ಡದು, ದುಗ್ಧಗ್ರಂಥಿಗಳಿಗೆ ಹರಡಿದೆಯೇ, ಉಳಿಯುವ ಶ್ವಾಸಕೋಶ ಉಸಿರಾಟಕ್ಕೆ ಸಾಕಾದೀತೇ ಎಂಬುದನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸುತ್ತೇವೆ. ಕಳೆದ ಆರು ತಿಂಗಳಲ್ಲಿ ರೋಗಿಯ ತೂಕ ಎಷ್ಟು ಇಳಿದಿದೆ ಎಂಬ ಪ್ರಶ್ನೆಗೆ ಮಾತ್ರ ಕೇಸ್ ಶೀಟಿನಲ್ಲಿ ಹಲವು ಬಾರಿ ಉತ್ತರವೇ ಇರುವುದಿಲ್ಲ.

ರೋಗಿಯ ಪೌಷ್ಟಿಕ ಸ್ಥಿತಿಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವ ಪೌಷ್ಟಿಕ ಮುನ್ಸೂಚಕ ಸೂಚ್ಯಂಕವನ್ನು 1984ರಲ್ಲಿ ಜಪಾನಿನ ಒನೊಡೆರಾ ಮತ್ತು ಸಂಗಡಿಗರು ಜೀರ್ಣಾಂಗಗಳ ಶಸ್ತ್ರಚಿಕಿತ್ಸೆಗಾಗಿ ರೂಪಿಸಿದರು. ಶ್ವಾಸಕೋಶಕ್ಕೆ ಅದು ಆಮೇಲೆ ಬಂದ ಎರವಲು. ಡೆಸಿಲೀಟರಿಗೆ ಇಷ್ಟು ಗ್ರಾಂ ಎಂದು ಅಳೆದ ಅಲ್ಬುಮಿನ್ (ಯಕೃತ್ತು ತಯಾರಿಸುವ ರಕ್ತದ ಪ್ರೋಟೀನ್) ಪ್ರಮಾಣವನ್ನು 10ರಿಂದ ಗುಣಿಸಿ, ಒಂದು ಘನ ಮಿಲಿಮೀಟರ್ ರಕ್ತದಲ್ಲಿರುವ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಸಂಖ್ಯೆಯ 0.005 ಪಾಲನ್ನು ಅದಕ್ಕೆ ಕೂಡಿಸಬೇಕು. ಅಲ್ಬುಮಿನ್ 4.2, ಲಿಂಫೋಸೈಟ್ 2,000 ಇದ್ದರೆ ಸೂಚ್ಯಂಕ 52, ಅವೇ 3.4 ಮತ್ತು 1,200ಕ್ಕೆ ಇಳಿದರೆ 40. ಶಸ್ತ್ರಚಿಕಿತ್ಸೆಗೆ ಮೊದಲು ಈ ಅಂಕಿ ಕಡಿಮೆಯಿದ್ದವರು ಬದುಕುಳಿಯುವ ಅವಧಿಯೂ ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡಿವೆ. ಆದರೆ ಇವುಗಳಲ್ಲಿ ಬಹುಪಾಲು ಹಳೆಯ ದಾಖಲೆಗಳನ್ನು ತಿರುವಿ ಹಾಕಿ ಮಾಡಿದಂಥವು, ಅಪಾಯದ ಗಡಿರೇಖೆಯೂ ಎಲ್ಲದರಲ್ಲಿ ಒಂದೇ ಅಲ್ಲ.

ಅಲ್ಬುಮಿನ್ ಇಳಿದಿದೆ ಎಂದರೆ ಊಟ ಸಾಲದು ಎಂದೇ ಅರ್ಥವಲ್ಲ. ಗಡ್ಡೆಯಿಂದಲೋ ಸೋಂಕಿನಿಂದಲೋ ಉರಿಯೂತ ಹೆಚ್ಚಿದಾಗ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕ ಸಂಕೇತಗಳಿಗೆ ಓಗೊಟ್ಟು ಯಕೃತ್ತು ಅಲ್ಬುಮಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಆದ್ದರಿಂದ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನನ್ನು ಜೊತೆಗಿಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು. ಡ್ರಿಪ್‌ನಲ್ಲಿ ಅಲ್ಬುಮಿನ್ ಏರಿಸಿ ವರದಿಯ ಅಂಕಿಯನ್ನು ಸರಿಪಡಿಸುವುದಂತೂ ಪೋಷಣೆಯಲ್ಲ.

ನನ್ನ ದೃಷ್ಟಿಯಲ್ಲಿ ಸ್ನಾಯುವಿಗೆ ಹೆಚ್ಚಿನ ಮಹತ್ವ ಸಲ್ಲಬೇಕು. ಎದೆಯ ಶಸ್ತ್ರಚಿಕಿತ್ಸೆಯ ಮರುದಿನ ರೋಗಿಯು ಹೊಲಿಗೆಯ ನೋವನ್ನು ತಡೆದುಕೊಂಡು ಜೋರಾಗಿ ಕೆಮ್ಮಿ ಕಫವನ್ನು ಹೊರಹಾಕಬೇಕು. ವಪೆ (ಉಸಿರಾಟದ ಮುಖ್ಯ ಸ್ನಾಯು) ಮತ್ತು ಹೊಟ್ಟೆಯ ಸ್ನಾಯುಗಳು ಕರಗಿದ್ದರೆ ಆ ಕೆಮ್ಮು ಗಂಟಲಲ್ಲೇ ನಿಲ್ಲುತ್ತದೆ, ಕಫ ಒಳಗೇ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಮೈ ತುಂಬಿಕೊಂಡಂತೆ ಕಾಣುವವರಲ್ಲಿಯೂ ಕೊಬ್ಬಿನ ಮರೆಯಲ್ಲಿ ಸ್ನಾಯು ಸವೆದಿರಬಹುದು. ಹೇಗೂ ಮಾಡಿಸಿರುವ ಸಿ.ಟಿ. ಸ್ಕ್ಯಾನಿನಲ್ಲಿಯೇ ಬೆನ್ನುಮೂಳೆಯ ಪಕ್ಕದ ಅಥವಾ ಎದೆಯ ಸ್ನಾಯುಗಳ ವಿಸ್ತೀರ್ಣವನ್ನು ಅಳೆಯಬಹುದು.

ಆರು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತೂಕ ಇಳಿದು ತೀವ್ರ ಅಪಾಯದಲ್ಲಿರುವವರಿಗೆ, ಶಸ್ತ್ರಚಿಕಿತ್ಸೆ ತುಸು ಮುಂದೆ ಹೋದರೂ ಸರಿ, ಮೊದಲು 7ರಿಂದ 14 ದಿನ ಪೋಷಣೆ ಕೊಡಬೇಕೆಂಬುದು ಯುರೋಪಿನ ಪೋಷಣಾ ತಜ್ಞರ ಸಂಘದ ಸಲಹೆ. ಕ್ಯಾನ್ಸರ್ ರೋಗಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್, ಅಂದರೆ 60 ಕಿಲೋ ತೂಗುವವರಿಗೆ 60ರಿಂದ 90 ಗ್ರಾಂ ಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಲೆಕ್ಕ ಬೇರೆ. ಪ್ರೋಟೀನಿನ ಜೊತೆಗೆ ನಡಿಗೆ, ವ್ಯಾಯಾಮ ಇಲ್ಲದಿದ್ದರೆ ಸ್ನಾಯು ಸುಲಭವಾಗಿ ಬೆಳೆಯದು. ಹೀಗೆ ಪೋಷಣೆ ಕೊಟ್ಟರೆ ಆಯುಷ್ಯ ಇಷ್ಟು ಹೆಚ್ಚುತ್ತದೆ ಎಂದು ಆ ಸೂಚ್ಯಂಕದ ಅಧ್ಯಯನಗಳ ಬಲದಿಂದ ಹೇಳಲಾಗದು, ಏಕೆಂದರೆ ಅವು ತೋರಿಸಿರುವುದು ಸಂಬಂಧವನ್ನೇ ಹೊರತು ಕಾರಣವನ್ನಲ್ಲ. ಆದರೂ ಗಡ್ಡೆಯ ಹಂತವನ್ನು ನಾವು ಬದಲಿಸಲಾರೆವು, ತೂಕವನ್ನು ಒಂದಿಷ್ಟಾದರೂ ಬದಲಿಸಬಲ್ಲೆವು.

ಮನೆಗೆ ಕಳುಹಿಸಿದ ಮೇಲೂ ತೂಕ ನೋಡುತ್ತಿರಬೇಕು. ಕೆಲವರಿಗೆ ಒಂದೆರಡು ತಿಂಗಳೊಳಗೆ ಕೀಮೋಥೆರಪಿ ಆರಂಭವಾಗಬೇಕಿರುತ್ತದೆ, ಮತ್ತು ಅಷ್ಟರಲ್ಲಿ ಚೇತರಿಸಿಕೊಳ್ಳದವರಿಗೆ ಔಷಧದ ಪ್ರಮಾಣವನ್ನು ಇಳಿಸುವ ಅಥವಾ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸುವ ಪ್ರಸಂಗ ಬರುತ್ತದೆ.