ನಂಬರ್ ಇಲ್ಲೇ ಕಾಮೆಂಟಲ್ಲಿ ಹಾಕಿ ಸರ್

ಎಲ್ರಿಗೂ ನಮಸ್ಕಾರ. ಒಳಗೆ ಬರೋವಾಗ ಬಾಗಿಲ ಹತ್ರ ಒಂದು ರಿಜಿಸ್ಟರ್ ಇಟ್ಟಿದ್ರು, ಹೆಸರು, ಊರು, ಫೋನ್ ನಂಬರ್. ಎಲ್ರೂ ಬರೆದಿದೀರ, ನಾನೂ ಬರೆದೆ, ಯಾಕೆ ಅಂತ ಯಾರೂ ಕೇಳ್ಲಿಲ್ಲ. ಬರೆಯೋವಾಗ ನನ್ನ ಮೇಲಿದ್ದ ನಾಲ್ಕು ಜನರ ನಂಬರೂ ಕಣ್ಣಿಗೆ ಬಿತ್ತು, ಬೇಕಂತ ನೋಡಿದ್ದಲ್ಲ. ಅದೇ ರಿಜಿಸ್ಟರನ್ನ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿದ್ರೆ, ಆ ಗೋಡೆನೂ ಇನ್ಯಾರೋ ಕಂಪನೀದಾಗಿದ್ರೆ ಏನಾಗತ್ತೆ? ಸೋಷಿಯಲ್ ಮೀಡಿಯಾಲಿ ನಮ್ಮ ಮಾಹಿತಿ ಹಾಗೇ ಬೀಳೋದು, ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಸಾಚಾ ಅಲ್ಲ. ಕೆಲವು ವರ್ಷ ಅಂಗಡಿಗಳ ಫೇಸ್‌ಬುಕ್ಕು, ಇನ್‌ಸ್ಟಾ ಪೇಜ್ ನೋಡ್ಕೊಳ್ಳೋ ಕೆಲ್ಸ ಮಾಡಿದೀನಿ. ಬಟ್ಟೆ ಅಂಗಡೀಲಿ ಬಿಲ್ ಹಾಕೋವಾಗ "ನಂಬರ್ ಹೇಳಿ ಮೇಡಂ" ಅಂತಾರಲ್ಲ, ಆ ನಂಬರೆಲ್ಲ ತಿಂಗಳ ಕೊನೆಗೆ ಎಕ್ಸೆಲ್ ಶೀಟಾಗಿ ನನ್ನ ಟೇಬಲ್‌ಗೆ ಬರೋದು, ನಾನು ಅದನ್ನ ಹಾಗೇ ಫೇಸ್‌ಬುಕ್ ಆ್ಯಡ್ಸ್ ಮ್ಯಾನೇಜರ್‌ಗೆ, ಅಂದ್ರೆ ಜಾಹೀರಾತು ಹಾಕೋ ಟೂಲಿಗೆ, ಅಪ್‌ಲೋಡ್ ಮಾಡೋದು. ನಂಬರ್‌ಗಳು ಕೋಡ್ ಆಗಿ ಹೋಗತ್ತೆ, ಆ ಕಡೆ ಅವ್ರೂ ತಮ್ಮ ಹತ್ರ ಇರೋ ನಂಬರ್‌ಗಳನ್ನ ಅದೇ ಥರ ಕೋಡ್ ಮಾಡಿ ತಾಳೆ ನೋಡ್ತಾರೆ, ತಾಳೆ ಆದವರ ಫೋನಿಗೆ ನಮ್ಮ ಅಂಗಡಿ ಜಾಹೀರಾತು. ಕಸ್ಟಮ್ ಆಡಿಯನ್ಸ್ ಅಂತಾರೆ ಇದಕ್ಕೆ. ಇಷ್ಟಕ್ಕೇ ನಿಲ್ಲಲ್ಲ, ಇವರ ಥರಾನೇ ಇರೋ ಬೇರೆ ಜನರನ್ನೂ ಹುಡುಕಿಕೊಡು ಅಂದ್ರೆ ಅದನ್ನೂ ಹುಡುಕಿಕೊಡತ್ತೆ, ಅದು ಲುಕ್‌ಅಲೈಕ್. "ನಾವು ಮಾತಾಡಿದ್ದನ್ನ ಫೋನ್ ಕೇಳಿಸ್ಕೊಳತ್ತೆ ಕಣ್ರೀ" ಅಂತ ಎಷ್ಟೋ ಜನ ನನ್ನ ಹತ್ರ ಹೇಳಿದಾರೆ, ನಾನು ಸುಮ್ನೆ ತಲೆ ಆಡಿಸ್ತಿದ್ದೆ, ಬಿಲ್ಲಿಂಗ್ ಕೌಂಟರಲ್ಲಿ ನೀವೇ ಹೇಳಿದ್ದು ಅಂತ ಬಾಯಿಬಿಟ್ಟು ಹೇಳೋಕಾಗತ್ತಾ? 2023ರ ಮೇನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ನಂಬರ್ ಕೊಡ್ಲೇಬೇಕು ಅಂತ ಗಿರಾಕಿಗಳನ್ನ ಒತ್ತಾಯ ಮಾಡ್ಬೇಡಿ ಅಂತ ಅಂಗಡಿಗಳಿಗೆ ಹೇಳ್ತು. ನಿಮ್ಮೂರಲ್ಲಿ ಯಾರಾದ್ರೂ ಕೇಳೋದು ಬಿಟ್ರಾ, ನೀವೇ ಹೇಳಿ.

ವಾಟ್ಸಾಪ್ ಕಥೆ ನಿಮಗೆ ಗೊತ್ತಿರೋದೇ, ಬೇಗ ಮುಗಿಸ್ತೀನಿ. 2014ರಲ್ಲಿ ಫೇಸ್‌ಬುಕ್ ಅದನ್ನ ಕೊಂಡ್ಕೊಳ್ತು, 2016ರಲ್ಲಿ ನಮ್ಮ ಮಾಹಿತಿನ ಫೇಸ್‌ಬುಕ್ ಜೊತೆ ಹಂಚ್ಕೊಳ್ಳೋಕೆ ಶುರು ಮಾಡ್ತು, 2021ರಲ್ಲಿ ಒಪ್ಪಿದ್ರೆ ಇರಿ ಅನ್ನೋ ಥರ ಹೊಸ ಪಾಲಿಸಿ ತಂತು, ಅದಕ್ಕೇ 2024ರ ನವೆಂಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ, ದೊಡ್ಡ ಕಂಪನಿಗಳು ಮಾರುಕಟ್ಟೇಲಿ ದಬ್ಬಾಳಿಕೆ ಮಾಡದ ಹಾಗೆ ನೋಡ್ಕೊಳ್ಳೋ ಸಂಸ್ಥೆ, ಫೇಸ್‌ಬುಕ್ಕಿನ ಮಾತೃ ಕಂಪನಿ ಮೆಟಾಗೆ 213 ಕೋಟಿ ದಂಡ ಹಾಕ್ತು. ಅಂಗಡಿ, ಕಂಪನಿ ಇವ್ರಿಗೆಲ್ಲ ದುಡ್ಡು ಬೇಕು, ಅದರಲ್ಲಿ ಮುಚ್ಚುಮರೆ ಏನಿಲ್ಲ. ನನ್ನ ತಕರಾರು ಜಾಸ್ತಿ ಇರೋದು ಸರ್ಕಾರದ ಮೇಲೆ.

2020ರ ಮಾರ್ಚ್ ನೆನಪಿದೆಯಲ್ವಾ. ವಿದೇಶದಿಂದ ಬಂದು ಮನೇಲಿ ಕ್ವಾರಂಟೈನ್ ಆಗಿದ್ದವರ ಪಟ್ಟಿನ ನಮ್ಮ ರಾಜ್ಯ ಸರ್ಕಾರ ಜಿಲ್ಲಾವಾರು ಪ್ರಕಟ ಮಾಡ್ತು, ಮನೆ ವಿಳಾಸ ಸಮೇತ. ಪಟ್ಟಿ ಪ್ರಕಟ ಆದ್ಮೇಲೆ ಅದು ಸರ್ಕಾರದ್ದಾಗಿ ಉಳಿಯತ್ತಾ, ಅಪಾರ್ಟ್‌ಮೆಂಟ್ ಗ್ರೂಪು, ಏರಿಯಾ ಗ್ರೂಪು, ಫ್ಯಾಮಿಲಿ ಗ್ರೂಪು ಅಂತ ವಾಟ್ಸಾಪಲ್ಲಿ ಓಡಾಡ್ತು, ಹಾಲು ಹಾಕೋನು ಬರ್ಲಿಲ್ಲ, ಪಕ್ಕದ ಮನೆಯವ್ರು ಬಾಗಿಲು ಹಾಕ್ಕೊಂಡ್ರು. ಆ ತಿಂಗಳ ಕೊನೇಲಿ ಇನ್ನೊಂದು ಬಂತು, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪಲ್ಲಿ ಕಳಿಸ್ಬೇಕು, ಫೋಟೋ ಜೊತೆ ಲೊಕೇಶನ್ನೂ ಹೋಗತ್ತೆ. ರೋಗದ ಭಯ ಇತ್ತು, ಒಪ್ತೀನಿ, ಆಗ ನಾನೂ ಇದೇನು ಅಂತ ಕೇಳ್ಲಿಲ್ಲ. ಆದ್ರೆ ಆ ಪಟ್ಟಿ ಈಗ್ಲೂ ಎಷ್ಟು ಜನರ ಹಳೇ ಫೋನಲ್ಲಿ ಬಿದ್ದಿರಬಹುದು ಅಂತ ಒಂದು ಸಲ ಯೋಚನೆ ಮಾಡಿ.

ಅದಕ್ಕೂ ಮುಂಚೆ, 2018ರಲ್ಲಿ, ಕೇಂದ್ರ ಸರ್ಕಾರ ಸೋಷಿಯಲ್ ಮೀಡಿಯಾ ಹಬ್ ಅಂತ ಒಂದು ಟೆಂಡರ್ ಕರೆದಿತ್ತು, ಜನ ಏನು ಬರೀತಾರೆ ಅಂತ ನೋಡ್ತಾ ಕೂರೋ ವ್ಯವಸ್ಥೆ. ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಎದ್ದು ಆಗಸ್ಟ್‌ನಲ್ಲಿ ವಾಪಸ್ ತಗೊಂಡ್ರು. ಹಾಗೆ ನೋಡಿದ್ರೆ ಹಬ್ ಯಾಕೆ ಬೇಕು ಸ್ವಾಮಿ, ನಾವೇ ಎಲ್ಲಾ ತಂದು ಸುರೀತಿದೀವಲ್ಲ.

ನಮ್ಮ ಭಾವನ ಕಥೆ ಹೇಳ್ತೀನಿ. ಮನೇಲಿ ಕರೆಂಟ್ ಬಿಲ್ ತಪ್ಪಾಗಿ ಬಂದಿತ್ತು, ಎರಡು ಸಲ ಆಫೀಸಿಗೆ ಹೋದ್ರೂ ಕೆಲಸ ಆಗ್ಲಿಲ್ಲ, ಯಾರೋ ಎಕ್ಸಲ್ಲಿ, ಅದೇ ಹಳೇ ಟ್ವಿಟರಲ್ಲಿ, ಹಾಕಿ ಬೇಗ ಆಗತ್ತೆ ಅಂದ್ರಂತೆ, ಹಾಕಿದ್ರು. ಅರ್ಧ ಗಂಟೇಲಿ ಕರೆಂಟ್ ಇಲಾಖೆಯಿಂದ ಉತ್ತರ ಬಂತು, ನಿಮ್ಮ ಆರ್‌ಆರ್ ನಂಬರ್ (ಬಿಲ್ ಮೇಲಿರೋ ಕನೆಕ್ಷನ್ ನಂಬರ್), ವಿಳಾಸ, ಮೊಬೈಲ್ ನಂಬರ್ ಇಲ್ಲೇ ತಿಳಿಸಿ ಅಂತ. ಇವ್ರಿಗೆ ಖುಷಿಯೋ ಖುಷಿ, ಎಲ್ಲಾ ಅಲ್ಲೇ ಬರೆದ್ರು. ಸಂಜೆ ಫೋನ್ ಬಂತು, ಆ ಕಡೆಯವನು ಆರ್‌ಆರ್ ನಂಬರ್ ಸಮೇತ ಹೇಳ್ತಾನೆ, ಕಂಪ್ಲೇಂಟ್ ಏನು ಅಂತಾನೂ ಹೇಳ್ತಾನೆ, ಅನುಮಾನ ಯಾಕ್ ಬರತ್ತೆ ಹೇಳಿ, ಒಂದು ಆ್ಯಪ್ ಹಾಕ್ಕೊಳಿ, ಹತ್ತು ರೂಪಾಯಿ ಕಟ್ಟಿ ಅಂದ, ಕಟ್ಟಿದ್ರು, ಅಕೌಂಟಿಂದ ಹದಿನೆಂಟು ಸಾವಿರ ಹೋಯ್ತು. ಇಲಾಖೆಯವ್ರನ್ನ ಕೇಳಿದ್ರೆ ನಾವಲ್ಲ ಫೋನ್ ಮಾಡಿದ್ದು ಅಂದ್ರು. ನಿಜಾನೇ, ಅವ್ರಲ್ಲ.

ಸರಿ, ಕಾನೂನು ಇಲ್ವಾ ಅಂತೀರ. ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಒಂದೇ ದನೀಲಿ ಹೇಳಿದ್ರು, ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ ಆಧಾರ್ ವಿರುದ್ಧ ಹೋದಾಗ ಎಂಬತ್ತು ದಾಟಿದ್ದ ಅಜ್ಜ. ಆರು ವರ್ಷ ಆದ್ಮೇಲೆ, 2023ರಲ್ಲಿ, ಡೇಟಾ ರಕ್ಷಣೆ ಕಾಯ್ದೆ ಬಂತು, ತಪ್ಪು ಮಾಡಿದ್ರೆ 250 ಕೋಟಿವರೆಗೆ ದಂಡ. ಅದರ ರೂಲ್ಸ್ ಬರೋಕೆ 2025ರ ನವೆಂಬರ್ ಆಯ್ತು.

ಆ ಕಾಯ್ದೆ ಮೂರನೇ ಸೆಕ್ಷನ್ ಓದಿ, ಪುಟ್ಟದು. ನೀವೇ ನಿಮ್ಮ ಮಾಹಿತಿನ ಎಲ್ರಿಗೂ ಕಾಣೋ ಹಾಗೆ ಹಾಕಿದ್ರೆ ಆ ಮಾಹಿತಿಗೆ ಈ ಕಾಯ್ದೆ ಅನ್ವಯ ಆಗಲ್ಲ. ಸೋಷಿಯಲ್ ಮೀಡಿಯಾನೇ ಉದಾಹರಣೆ ಕೊಟ್ಟಿದಾರೆ. ಹದಿನೇಳನೇ ಸೆಕ್ಷನ್ ಪ್ರಕಾರ ಭದ್ರತೆ, ಸಾರ್ವಜನಿಕ ಶಾಂತಿ ಅಂತ ಕಾರಣ ಕೊಟ್ಟು ಸರ್ಕಾರಿ ಸಂಸ್ಥೆಗಳನ್ನೇ ಕಾಯ್ದೆಯಿಂದ ಹೊರಗಿಡಬಹುದು, ಅದು ಬೇರೆ ಮಾತು, ನನಗೆ ಹೆಚ್ಚು ಚುಚ್ಚೋದು ಮೂರನೇದು. ಭಾವ ನಂಬರ್ ತಾವಾಗೇ ಹಾಕಿದ್ರಾ? ಇಲಾಖೆ ಕೇಳ್ತು, ಹಾಕಿದ್ರು. ಕೌಂಟರಲ್ಲಿ ಕೆಲಸ ಆಗಿದ್ರೆ ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ. ಆದ್ರೆ ಕಾಗದದ ಮೇಲೆ ಅದು ಅವರೇ ಹಾಕಿದ್ದು. ಇಲಾಖೆಯವ್ರು "ಇಲ್ಲೇ ತಿಳಿಸಿ" ಅನ್ನೋ ಬದ್ಲು "ಬೇರೆಯವ್ರಿಗೆ ಕಾಣದ ಹಾಗೆ ಮೆಸೇಜ್ ಮಾಡಿ" ಅಂತ ಬರೆದಿದ್ರೆ ಸಾಕಿತ್ತು, ಖರ್ಚಿಲ್ಲ, ಟೆಂಡರ್ ಬೇಡ.

ಭಾವ ತಮ್ಮ ಕಾಮೆಂಟ್ ಅಳಿಸಿದ್ರು. ನಿನ್ನೆ ರಾತ್ರಿ ಇಲ್ಲಿಗೆ ಬರೋ ಮುಂಚೆ ಆ ಪೇಜ್ ತೆಗೆದು ನೋಡ್ದೆ, ಇಲಾಖೆ ಉತ್ತರ ಹಾಗೇ ಇದೆ, ಕೆಳಗೆ ಇನ್ನೂ ಹನ್ನೊಂದು ಜನರ ಆರ್‌ಆರ್ ನಂಬರು, ಫೋನ್ ನಂಬರು.

ಹಾ, ಹಿಂದಿನ ಸಾಲಲ್ಲಿ ಯಾರೋ ಆಗಿಂದ ಕೈ ಎತ್ತಿದೀರ, ಕೇಳಿ.