ಭಜನೆ ಮೇಳದಿಂದ ಕ್ವಾಯರ್‌ವರೆಗೆ

ಕೇಳುಗರೆ, ನಮಸ್ಕಾರ.

ಮೆಥೋಡಿಸ್ಟರು ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ. ಬೀದರ್ ಕಡೆಯ ಅವರ ಸಭೆಗಳಲ್ಲಿ ಹಾಡು ಮೊದಲು ಬಂತು, ಕ್ವಾಯರ್, ಅಂದರೆ ಹಲವು ದನಿಗಳಲ್ಲಿ ಹಾಡುವ ಚರ್ಚಿನ ತಂಡ, ಬಂದದ್ದು ಆಮೇಲೆ. ನಿಜಾಮರ ಕಾಲದಲ್ಲಿ ಮಿಷನರಿಗಳು ಇಲ್ಲಿಗೆ ಬಂದಾಗ ಹಳ್ಳಿಯ ಹೆಚ್ಚಿನ ಜನಕ್ಕೆ ಓದು ಬರುತ್ತಿರಲಿಲ್ಲ. ಹಾಡಿನ ಪುಸ್ತಕ ಕೈಗೆ ಕೊಟ್ಟು ಏನು ಮಾಡೋದು? ಆದರೆ ಭಜನೆ ಎಲ್ಲರಿಗೂ ಗೊತ್ತಿತ್ತು. ಮುಂದಿನವರು ಸೊಲ್ಲು ಹೇಳಬೇಕು, ಹಿಂದಿನವರು ಅದನ್ನೇ ತಿರುಗಿ ಹಾಡಬೇಕು. ಡೋಲಕ್, ತಾಳ, ಸಿಕ್ಕರೆ ಒಂದು ಪೇಟಿ. ಬೈಬಲಿನ ಕಥೆಗಳು ಹೀಗೇ ಬಾಯಿಪಾಠವಾದವು.

ಪೇಟಿ ಅಂದೆ, ಅಂದರೆ ಹಾರ್ಮೋನಿಯಂ. ಇದೇ ಆಕಾಶವಾಣಿ 1940ರಲ್ಲಿ ಅದನ್ನು ಸ್ಟುಡಿಯೋದಿಂದ ಹೊರಗಿಟ್ಟಿತ್ತು. ಸ್ವರವನ್ನು ಬಳುಕಿಸುವ ನಮ್ಮ ಗಮಕಕ್ಕೆ ಅದು ಒಗ್ಗೋದಿಲ್ಲ ಅನ್ನೋದು ದೂರು. 1971ರ ತನಕ ಆ ಬಾಗಿಲು ತೆರೆಯಲಿಲ್ಲ. ಚರ್ಚುಗಳಲ್ಲಿ ಮಾತ್ರ ಪೇಟಿ ಎಂದೂ ಕೆಳಗಿಳಿಯಲಿಲ್ಲ.

ನಮ್ಮ ಸಭೆಯ ಕ್ವಾಯರ್ ಹುಟ್ಟಿದ್ದು ಒಂದು ಶ್ರುತಿಯ ಜಗಳದಿಂದ. ಭಜನೆಯನ್ನು ಕರಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕರಿ ಕೀಲಿಯ ತಗ್ಗು ಶ್ರುತಿಯಲ್ಲಿ, ಹಿಡಿದರೆ ಗಂಡಸರಿಗೆ ಹಾಯಾಗಿತ್ತು, ಹೆಂಗಸರ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಕರಿ ನಾಲ್ಕಕ್ಕೆ ಏರಿಸಿದರೆ ಗಂಡಸರು ಕಿರುಚಬೇಕು. ಪ್ರತಿ ಭಾನುವಾರ ಒಂದು ಕಡೆಯವರು ಮುಖ ಸಿಂಡರಿಸುತ್ತಿದ್ದರು. ಹೈದರಾಬಾದಿನಲ್ಲಿ ಓದಿ ಬಂದಿದ್ದ ಟೀಚರಮ್ಮ ಒಬ್ಬರು ಇದಕ್ಕೆ ದಾರಿ ತೋರಿಸಿದರು. ಎಲ್ಲರೂ ಒಂದೇ ಧಾಟಿ ಹಾಡಬೇಕು ಅಂತ ಯಾಕೆ ಹಟ? ಎತ್ತರದ ದನಿಯ ಹೆಂಗಸರು ಸೊಪ್ರಾನೊ, ತಗ್ಗಿನವರು ಆಲ್ಟೊ. ಗಂಡಸರಲ್ಲಿ ಎತ್ತರದವರು ಟೆನರ್, ತಗ್ಗಿನವರು ಬೇಸ್. ಅವರವರ ಗಂಟಲಿಗೆ ಹೊಂದುವ ಸ್ವರ ಅವರವರಿಗೆ.

ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಯಾರಿಗೂ ಬರುತ್ತಿರಲಿಲ್ಲ. ಟೀಚರಮ್ಮನಿಗೆ ಸೋಲ್ಫಾ, ಅಂದರೆ ಸ್ವರಗಳನ್ನು ಡೋ ರೇ ಮೀ ಅಂತ ಹೆಸರಿಟ್ಟು ಬರೆಯೋದು, ಬರುತ್ತಿತ್ತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಬೆಳೆಸಿದ ಪದ್ಧತಿ ಅದು. ಅದರಲ್ಲಿ ಮೊದಲ ಸ್ವರ 'ಡೋ' ಒಂದೇ ಮನೆಯಲ್ಲಿ ಕೂರೋದಿಲ್ಲ, ಶ್ರುತಿ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ. ನಮ್ಮ ಷಡ್ಜ, ಅಂದರೆ 'ಸ', ಅದೂ ಹಾಗೇ ಅಲ್ವಾ? ಟೀಚರಮ್ಮ ಡೋ ರೇ ಮೀ ತೆಗೆದು ಸರಿಗಮ ಹಾಕಿದರು. ನಾಲ್ಕು ದನಿಗಳನ್ನೂ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದರು.

ಕಷ್ಟವಾದದ್ದು ಆಲ್ಟೊ. ಪಕ್ಕದಲ್ಲಿ ಮುಖ್ಯ ಧಾಟಿ ಕೇಳುತ್ತಿದ್ದರೆ ಕಿವಿ ಅತ್ತಲೇ ಜಾರುತ್ತದೆ. ಎಳೇ ವಯಸ್ಸಿನ ಹುಡುಗಿಯರಂತೂ ಎರಡನೇ ಸಾಲಿಗೇ ಸೊಪ್ರಾನೊ ಸೇರಿಬಿಡುತ್ತಿದ್ದರು. ಹಾಗಾಗಿ ಆಲ್ಟೊದವರನ್ನು ಸಂಡೇ ಸ್ಕೂಲ್ ಕೋಣೆಗೆ ಕಳಿಸಿ ಬಾಗಿಲು ಹಾಕಿ ಕಲಿಸಿದರು. ತಮ್ಮ ಸಾಲು ಗಟ್ಟಿಯಾದ ಮೇಲೇ ಹೊರಗೆ.

ಮೊದಲ ಸಲ ನಾಲ್ಕು ದನಿಯಲ್ಲಿ ಹಾಡಿದಾಗ ಹಿರಿಯ ಕಾಕಾ ಒಬ್ಬರು ಮೆಟ್ಟಿಲ ಮೇಲೆ ತಡೆದು ಕೇಳಿದರು: "ಇದ್ಯಾಕ ತಂಗಿ, ಒಬ್ಬೊಬ್ರು ಒಂದೊಂದು ಹಾಡ್ಲಿಕತ್ತೀರಿ? ಹಾಡು ಕೂಡಿ ಬರಲಿಲ್ಲೇನು?" ಟೀಚರಮ್ಮ ನಕ್ಕರು, ವಾದಕ್ಕಿಳಿಯಲಿಲ್ಲ. ಮುಂದಿನ ವಾರದಿಂದ ಆರಾಧನೆಯಲ್ಲಿ ಭಜನೆಗೂ ಜಾಗ ಇಟ್ಟರು, ಸೊಲ್ಲು ಹೇಳಲು ಕಾಕಾನನ್ನೇ ನಿಲ್ಲಿಸಿದರು. ನನ್ನ ಲೆಕ್ಕದಲ್ಲಿ ಕ್ವಾಯರ್ ಉಳಿದದ್ದು ಅದರಿಂದಲೇ. ಭಜನೆಯನ್ನು ಹಳ್ಳಿಯದ್ದು ಅಂತ ಬದಿಗೊತ್ತಿದ್ದರೆ ಹಿರಿಯರು ಮನೆಯ ಮಕ್ಕಳನ್ನು ಅಭ್ಯಾಸಕ್ಕೆ ಕಳಿಸುತ್ತಲೇ ಇರಲಿಲ್ಲ.

ಎಳೆದು ಹಾಡುವ ಚಾಳಿ ಮಾತ್ರ ಬೇಗ ಹೋಗಲಿಲ್ಲ. ಮೆಥೋಡಿಸ್ಟರಿಗೆ ಇದು ಹಳೇ ಕಾಯಿಲೆ ಇರಬೇಕು. ಮೆಥೋಡಿಸ್ಟ್ ಪಂಗಡ ಹುಟ್ಟುಹಾಕಿದ ಜಾನ್ ವೆಸ್ಲಿ 1761ರಲ್ಲೇ ಹಾಡುವವರಿಗೆ ಸೂಚನೆ ಕೊಟ್ಟಿದ್ದರು: ಎಲ್ಲರೂ ಹಾಡಿ, ಅರಚಬೇಡಿ, ತೀರಾ ನಿಧಾನ ಮಾಡಬೇಡಿ. ಟೀಚರಮ್ಮ ಅದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರು. ಅದರ ಜೊತೆಗೆ ಡೋಲಕ್ಕಿನವನನ್ನು ಬೇಸ್ ಪಕ್ಕದಲ್ಲಿ ಕೂರಿಸಿದರು. ಕೆಲಸ ಮಾಡಿದ್ದು ಡೋಲಕ್.

ಕ್ವಾಯರ್‌ಗೆ ಜನ ಬಂದದ್ದು ಡಿಸೆಂಬರಿನಲ್ಲಿ. ಬೀದರಿನ ಆ ಚಳಿಯಲ್ಲಿ ಮಫ್ಲರ್ ಸುತ್ತಿ ಮನೆ ಮನೆಗೆ ಕ್ಯಾರಲ್, ಅಂದರೆ ಕ್ರಿಸ್ಮಸ್ ಹಾಡು, ಹಾಡುತ್ತಾ ಹೋದರೆ ಚಹಾ, ಕೇಕು, ಕರ್ಜಿಕಾಯಿ ಸಿಗುತ್ತದೆ. ತಿಂಡಿಗೆಂದು ಹಿಂದೆ ಬಂದ ಹುಡುಗರೇ ಆಮೇಲೆ ಬೇಸ್ ಹಾಡಿದರು. ಟೆನರ್‌ಗೆ ಇಂದಿಗೂ ಜನ ಸಾಲದು. ಹುಡುಗ ಪಳಗುವ ಹೊತ್ತಿಗೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಕ್ಕಿರುತ್ತದೆ. ಈಗ ಅವರಿಗೆ ಅವರ ಸಾಲನ್ನು ಹಾಡಿ ಮೊಬೈಲಿಗೆ ಕಳಿಸುತ್ತೇವೆ, ಹಬ್ಬದ ರಜೆಗೆ ಕಲಿತೇ ಬರಲಿ ಅಂತ.

ನಮಸ್ಕಾರ.