ಡಾಕ್ಟರ್ ಬರುವ ಮೊದಲಿನ ನಿಮಿಷಗಳು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯವರಷ್ಟೇ ಅಲ್ಲ, ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದಲೂ ಸಿಸ್ಟರ್‌ಗಳು, ಆಯಾಗಳು, ವಾರ್ಡ್ ಬಾಯ್‌ಗಳು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಕೊಡಗಿನಲ್ಲಿ ಹೃದಯದ ಕಾಯಿಲೆ ಅಂದ ಕೂಡಲೇ ಎಲ್ಲರೂ ಮೈಸೂರಿನ ದಾರಿ ಲೆಕ್ಕ ಹಾಕುತ್ತಾರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಹಾರ್ಟ್ ಅಟ್ಯಾಕ್ ಆಗಿ ಎದೆನೋವು ಅಂತ ಬಂದವರಿಗೆ ಆ ಲೆಕ್ಕ ಬೇಕೇ ಬೇಕು. ಆದರೆ ವಾರ್ಡಿನಲ್ಲಿ ಮಲಗಿದ್ದವರ ಹೃದಯವೇ ನಿಂತರೆ? ನಾಲ್ಕೈದು ನಿಮಿಷದಲ್ಲೇ ಮೆದುಳು ಹಾಳಾಗತೊಡಗುತ್ತದೆ. ಮೈಸೂರು ಬಿಡಿ, ಕ್ವಾರ್ಟರ್ಸಿನಲ್ಲಿರುವ ಡಾಕ್ಟರ್ ಬರುವುದೂ ತಡವಾಗುತ್ತದೆ. ಆಗ ಮಂಚದ ಹತ್ತಿರ ಯಾರಿದ್ದಾರೋ ಅವರೇ ಶುರು ಮಾಡಬೇಕು.

ಭುಜ ತಟ್ಟಿ ಜೋರಾಗಿ ಕರೆಯಿರಿ. ಮಾತಿಲ್ಲ, ಅಲುಗಾಟವಿಲ್ಲ ಅಂದರೆ ಕತ್ತಿನ ಪಕ್ಕ ನಾಡಿ ಹಿಡಿದು, ಅದೇ ಹೊತ್ತಿಗೆ ಎದೆ ಏರಿಳಿಯುತ್ತಿದೆಯಾ ನೋಡಿ. ಎರಡಕ್ಕೂ ಸೇರಿ 10 ಸೆಕೆಂಡ್ ಸಾಕು. ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ಕೆಲವರು ಬಾಯಿ ತೆರೆದು, ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದು ಮಾಡಿ ಗಾಳಿ ಎಳೆಯುತ್ತಾರೆ. ನೋಡಿದವರು "ಉಸಿರಾಡ್ತಿದ್ದಾರಲ್ಲ" ಅಂತ ಬಿಪಿ ಮಿಷನ್ ಹುಡುಕಲು ಹೋಗುತ್ತಾರೆ. ಅದು ಉಸಿರಾಟ ಅಲ್ಲ, ಹೃದಯ ನಿಂತಾಗ ಬರುವ ಏದುಸಿರು. ನಾಡಿ ಸಿಕ್ಕಿತೋ ಇಲ್ಲವೋ ಅನುಮಾನ ಇದ್ದರೂ ಎದೆ ಒತ್ತಲು ಶುರು ಮಾಡಿ. ಬಡಿಯುತ್ತಿರುವ ಹೃದಯವನ್ನು ಸ್ವಲ್ಪ ಹೊತ್ತು ಒತ್ತಿದರೆ ದೊಡ್ಡ ತೊಂದರೆ ಆಗುವುದು ಅಪರೂಪ, ನಿಂತ ಹೃದಯವನ್ನು ಹಾಗೇ ಬಿಟ್ಟರೆ ಆಗೋದು ಏನು ಅಂತ ನಿಮಗೇ ಗೊತ್ತು.

ಸಹಾಯಕ್ಕೆ ನಿಂತಲ್ಲಿಂದಲೇ ಕೂಗಿ. ಒಬ್ಬರು ತುರ್ತು ಔಷಧಿಯ ಟ್ರಾಲಿ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ತರಲಿ, ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಲಿ.

ಮಂಚ ಚಪ್ಪಟೆ ಮಾಡಿ. ಗಾಳಿ ಹಾಸಿಗೆ ಇದ್ದರೆ ಗಾಳಿ ಬಿಡಿ, ಬೆನ್ನ ಕೆಳಗೆ ಹಲಗೆ ತೂರಿಸಿ, ಇಲ್ಲದಿದ್ದರೆ ನೀವು ಒತ್ತಿದ್ದೆಲ್ಲ ಹಾಸಿಗೆಗೇ ಹೋಗುತ್ತದೆ. ಕುಳ್ಳಗಿರುವವರು ಸ್ಟೂಲ್ ಹತ್ತಿ, ನಾಚಿಕೆ ಬೇಡ. ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ, ಆಗಲೇ ಹೃದಯಕ್ಕೆ ರಕ್ತ ತುಂಬುವುದು. ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸಬೇಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ, ಯಾಕಂದ್ರೆ ನಿಮಗೆ ಸುಸ್ತು ಅನ್ನಿಸುವ ಮೊದಲೇ ಒತ್ತುವ ಆಳ ಕಡಿಮೆ ಆಗಿರುತ್ತದೆ. 30 ಸಲ ಒತ್ತಿ, ಆಂಬು ಬ್ಯಾಗಿನಿಂದ, ಅಂದರೆ ಕೈಯಲ್ಲಿ ಹಿಂಡಿ ಗಾಳಿ ಕೊಡುವ ಚೀಲದಿಂದ, 2 ಉಸಿರು. ಆಯಾಗಳು ಒತ್ತಬಹುದಾ ಅಂತ ಕೇಳುತ್ತಾರೆ. ಒತ್ತಬಹುದು, ಒತ್ತಲೇಬೇಕು. ಅದಕ್ಕೇ ನಿಮ್ಮನ್ನೂ ಕರೆದಿದ್ದು.

ಡಿಫಿಬ್ರಿಲೇಟರ್ ಬಂದಾಗ ಒತ್ತುವುದನ್ನು ನಿಲ್ಲಿಸದೆ ಪ್ಯಾಡ್ ಅಂಟಿಸಿ. ಮಳೆಯಲ್ಲಿ ನೆನೆದು ಕ್ಯಾಶುವಾಲ್ಟಿಗೆ ಬಂದವರಾದರೆ ಮೊದಲು ಎದೆ ಒರೆಸಿ. ಹೃದಯ ಅಡ್ಡಾದಿಡ್ಡಿ ಅದುರುತ್ತಿದ್ದರೆ ಶಾಕ್ ಕೆಲಸ ಮಾಡುತ್ತದೆ. ಮಾನಿಟರಿನಲ್ಲಿ ಗೆರೆ ಸಪಾಟಾಗಿದ್ದರೆ ಶಾಕ್‌ನಿಂದ ಪ್ರಯೋಜನ ಇಲ್ಲ, ಒತ್ತುತ್ತಾ ಇರಬೇಕು, ಅಡ್ರಿನಲಿನ್ 1 ಮಿಲಿಗ್ರಾಂ ಕೊಡಬೇಕು, 3ರಿಂದ 5 ನಿಮಿಷಕ್ಕೊಮ್ಮೆ. ಶಾಕ್ ಕೊಡುವಾಗ ಯಾರೂ ಮಂಚ ಮುಟ್ಟಬಾರದು, ಆಕ್ಸಿಜನ್ ದೂರ ಇಡಬೇಕು. ಕೊಟ್ಟ ತಕ್ಷಣ ಮತ್ತೆ ಒತ್ತಿ, ನಾಡಿ ನೋಡುತ್ತಾ ನಿಲ್ಲಬೇಡಿ.

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗೋದು ಮಾಮೂಲು, ಅಲ್ವಾ? ಹಾಗಾಗಿ ಪ್ರತಿ ಪಾಳಿಯಲ್ಲೂ ಡಿಫಿಬ್ರಿಲೇಟರ್ ಬ್ಯಾಟರಿ ನೋಡಿ. ಇನ್ನೊಂದು ಮಾತು ಕೈಮುಗಿದು ಕೇಳುತ್ತೇನೆ. ವಾರ್ಡಿನಲ್ಲಿ ಹೃದಯ ನಿಲ್ಲುವ ಎಷ್ಟೋ ರೋಗಿಗಳಲ್ಲಿ ಕೆಲವು ಗಂಟೆ ಮೊದಲೇ ಉಸಿರಾಟ ಜೋರಾಗಿರುತ್ತದೆ, ಬಿಪಿ ಇಳಿಯುತ್ತಿರುತ್ತದೆ. ಚಾರ್ಟಿನಲ್ಲಿ ಎಲ್ಲರಿಗೂ ಉಸಿರಾಟ ನಿಮಿಷಕ್ಕೆ 20 ಅಂತ ಸುಮ್ನೆ ಬರೆಯಬೇಡಿ. ಒಂದು ನಿಮಿಷ ನಿಂತು ಎಣಿಸಿ, ಜಾಸ್ತಿ ಇದ್ದರೆ ಮಧ್ಯರಾತ್ರಿಯಾದರೂ ಡಾಕ್ಟರನ್ನು ಎಬ್ಬಿಸಿ.

ಈಗ ಆ ಬದಿಯ ಮೇಜಿನ ಮೇಲೆ ಎದೆ ಒತ್ತಿ ಅಭ್ಯಾಸ ಮಾಡುವ ಗೊಂಬೆ ಇದೆ. ಇವತ್ತು ರಾತ್ರಿ ಪಾಳಿ ಇರುವವರು ಮೊದಲು ಬಂದು ಒತ್ತಿ ನೋಡಿ, ಪ್ರಶ್ನೆಗಳನ್ನು ಅಲ್ಲೇ ಮಾತಾಡೋಣ.